ಓಝೆಲ್ ಟಾಲಿವರ್ ಪೊರಕೆ ಹಿಡಿದ ದಿನ

ಗೆಲ್ಲಲೇಬೇಕೆಂದು ಹಠ ಹಿಡಿದವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಒಂದು ಸಲವಾದರೂ ಸೋಲಬೇಕೆಂದು ಹತ್ತೊಂಬತ್ತು ವರ್ಷ ಕಾದವನು ಅಲಬಾಮಾದ ನಮ್ಮ ಪಿಕೆಟ್ಸ್‌ವಿಲ್‌ನಲ್ಲಿ ಒಬ್ಬನೇ ಇದ್ದ. ಹೆಸರು ಓಝೆಲ್ ಟಾಲಿವರ್. ವಯಸ್ಸು ಅರವತ್ತೆಂಟು, ಕಸುಬು ಕ್ಷೌರ, ನಾಲಗೆ ಕತ್ತರಿಗಿಂತ ಒಂದು ಕೈ ಮೇಲು. ಊರಿನ ಕಪ್ಪು ಗಂಡಸರಲ್ಲಿ ಅವನೆದುರು ತಲೆ ಬಗ್ಗಿಸದವರು ಯಾರೂ ಇಲ್ಲ. ಪಾದ್ರಿಯೂ ಬಗ್ಗಿಸಬೇಕು, ಮೇಯರೂ ಬಗ್ಗಿಸಬೇಕು, ಅವನು "ಹೂಂ, ಈ ಕಡೆ" ಅಂದಾಗ ಆ ಕಡೆ ತಿರುಗಲು ಯಾರಿಗೂ ಧೈರ್ಯವಿಲ್ಲ.

ಅವನು ಸೋಲಬಯಸಿದ ಆಟ ಹೀಗಿತ್ತು. ಅಮೆರಿಕನ್ ಫುಟ್‌ಬಾಲಿನ ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಏಪ್ರಿಲ್ ಕೊನೆಗೆ ನಡೆಯುತ್ತದಲ್ಲ, ಅದಕ್ಕೆ ಎರಡು ವಾರ ಮುಂಚೆ ಅಂಗಡಿಗೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬರುತ್ತಿತ್ತು. ಯಾವ ಹುಡುಗ ಎಷ್ಟು ಎತ್ತರ, ಎಷ್ಟು ತೂಕ, ಗುಣವೇನು, ಐಬೇನು ಎಂದು ಮದುವೆಗೆ ಗಂಡು ನೋಡಿ ಬಂದವರ ಹಾಗೆ ಬರೆದ ಪುಸ್ತಕ. ನಿವೃತ್ತ ಪೋಸ್ಟ್‌ಮ್ಯಾನ್ ಹಾರ್ಡಿ ಅದರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಪುಟ ತೆಗೆಯುತ್ತಿದ್ದ. ಚೆಂಡೆಸೆದು ಇಡೀ ತಂಡವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ತಂಡದ ತಲೆ ಅಂದರೂ ಆದೀತು. ಕ್ಷೌರಕ್ಕೆ ಕೂತವರ ಕೊರಳಿಗೆ ಸುತ್ತುವ ಕಾಗದದ ಪಟ್ಟಿಯನ್ನು ಹರಿದು ಹಾರ್ಡಿ ಹುಡುಗನ ಹೆಸರು, ಫೋಟೋ ಎರಡನ್ನೂ ಮುಚ್ಚುತ್ತಿದ್ದ. ಆಮೇಲೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಿದ್ದ. ಕೇಳಿದವರು ಹೇಳಬೇಕಾದದ್ದು ಒಂದೇ: ಹುಡುಗ ಕಪ್ಪೋ ಬಿಳಿಯೋ, ನಮ್ಮವನೋ ಅವರವನೋ? ಸೋತವನು ಆ ದಿನ ಪೊರಕೆ ಹಿಡಿದು ನೆಲದ ಕೂದಲು ಗುಡಿಸಬೇಕು.

"'ಹುಟ್ಟಿನಿಂದಲೇ ಬಂದ ಚುರುಕು. ಕಾಲಲ್ಲಿ ಸ್ಪ್ರಿಂಗು. ಆದರೆ ಇನ್ನೂ ಪಳಗಬೇಕು, ಆಟ ಓದುವುದು...'"

"ನಮ್ಮೋನು. ಮುಂದಕ್ಕೋಗು," ಎನ್ನುತ್ತಿದ್ದ ಓಝೆಲ್, ಕೈಯಲ್ಲಿದ್ದ ತಲೆಯಿಂದ ಕಣ್ಣೆತ್ತದೆ.

"'ತಣ್ಣನೆಯ ತಲೆ. ತಂಡ ಇವನ ಮಾತಿಗೆ ಕಿವಿಗೊಡುತ್ತದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು...'"

"...ಎಲ್ರಿಗಿಂತ ಕೊನೆಗೆ ಹೋಗ್ತಾನೆ. ಅವ್ರೋನು. ಅವರಪ್ಪ ಎಲ್ಲೋ ಕೋಚ್ ಆಗಿರ್ತಾನೆ, ನೋಡು ಬೇಕಾದ್ರೆ."

ಹಾರ್ಡಿ ಪಟ್ಟಿ ಕೀಳುತ್ತಿದ್ದ. ಬಿಳಿ ಹುಡುಗ. ಅಪ್ಪ ಕೋಚ್. ಅಂಗಡಿಯೆಲ್ಲ ಹೋ ಎಂದು ನಗುತ್ತಿತ್ತು. ಆ ನಗೆಯಲ್ಲಿ ಸಂತೋಷ ಎಷ್ಟು, ಉರಿ ಎಷ್ಟು ಎಂದು ತೂಗಿ ನೋಡಿದವರಿಲ್ಲ.

ತಪ್ಪದೆ ಸೋಲುತ್ತಿದ್ದವರು ಡೀಕನ್ ಸ್ಪ್ರೂಲ್, ಚರ್ಚಿನ ಹಿರಿಯರು. ಬುದ್ಧಿ ಹೊಗಳಿದ ಮಾತು ಕಿವಿಗೆ ಬಿದ್ದರೆ ಸಾಕು, "ಇದು ನಮ್ಮೋನೇ!" ಎಂದು ಎದ್ದು ನಿಂತುಬಿಡುತ್ತಿದ್ದರು.

"ಡೀಕನ್, ನಿಮ್ಮ ಪ್ರಾರ್ಥನೆ ಭಾನುವಾರ ಇಟ್ಕೊಳಿ. ಇವತ್ತು ಶನಿವಾರ. ಪೊರಕೆ ಬಾಗಿಲ ಹಿಂದೆ ಇದೆ," ಎನ್ನುತ್ತಿದ್ದ ಓಝೆಲ್.

"ಎಲ್ಲಿದೆ ಅಂತ ನಿನ್ನಿಂದ ಕಲೀಬೇಕಾ? ನನ್ನ ಹೆಂಡತಿಗಿಂತ ಹೆಚ್ಚು ಆ ಪೊರಕೇನ ಹಿಡ್ಕೊಂಡಿದೀನಿ ನಾನು."

ಓಝೆಲ್‌ಗೆ ಈ ವಿದ್ಯೆ ಸುಮ್ಮನೆ ಒಲಿದದ್ದಲ್ಲ. ಹೈಸ್ಕೂಲಿನಲ್ಲಿ ಅವನೂ ಕ್ವಾರ್ಟರ್‌ಬ್ಯಾಕ್. ಅವರ ಕೋಚ್‌ಗೆ ಉಬ್ಬಸ. ಆಟದ ಮಧ್ಯೆ ಎರಡು ಮಾತು ಕೂಗುವಷ್ಟರಲ್ಲಿ ಏದುಸಿರು. ಹಾಗಾಗಿ ಯಾವ ಗಳಿಗೆಯಲ್ಲಿ ಯಾವ ವರಸೆ ಎಂದು ಎರಡು ವರ್ಷ ತೀರ್ಮಾನಿಸಿದವನು ಓಝೆಲ್ಲೇ. ಎರಡು ವರ್ಷದಲ್ಲಿ ಸೋತದ್ದು ಒಂದೇ ಆಟ. ನೋಡಲು ಬಂದ ಕಾಲೇಜಿನವರು ಒಂದು ಚೀಟಿ ಬರೆದರು: "ಕಾಲು ಅದ್ಭುತ. ಉಳಿದದ್ದು ಗೊತ್ತಿಲ್ಲ." ಕಾಲೇಜಿಗೆ ಕಾಲಿಟ್ಟ ಮೊದಲ ದಿನವೇ ಅವನ ಕೈಯಿಂದ ಚೆಂಡು ಕಿತ್ತುಕೊಂಡು, ಬೇರೊಬ್ಬ ಎಸೆದ ಚೆಂಡನ್ನು ಓಡಿ ಹಿಡಿಯುವ ರಿಸೀವರ್ ಜಾಗಕ್ಕೆ ನಿಲ್ಲಿಸಿದರು. ಎರಡನೇ ವರ್ಷಕ್ಕೆ ಮೊಣಕಾಲು ಮುರಿಯಿತು. ಓಝೆಲ್ ಊರಿಗೆ ಬಂದು ಚಿಕ್ಕಪ್ಪನ ಅಂಗಡಿಯಲ್ಲಿ ಕತ್ತರಿ ಹಿಡಿದ.

"ಉಳಿದದ್ದು ಅಂತ ಬರೆದಿದ್ರಲ್ಲ, ಅದು ಇದು," ಎಂದು ಬಾಚಣಿಗೆಯಿಂದ ತನ್ನ ತಲೆ ಕುಟ್ಟಿಕೊಳ್ಳುತ್ತಿದ್ದ. "ಅದ್ಭುತವಾಗಿದ್ದ ಕಾಲು ಹೋಯ್ತು. ಗೊತ್ತಿಲ್ಲದ್ದು ಮಾತ್ರ ಇನ್ನೂ ಗಟ್ಟಿಯಾಗಿದೆ, ನೋಡ್ರಪ್ಪಾ."

ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆದರೆ ಏಪ್ರಿಲ್ ಬಂದಾಗ ಅವನ ಆಸೆ ಒಂದೇ. ಬುದ್ಧಿ ಹೊಗಳಿದ ಒಂದು ಪುಟ, ಒಂದೇ ಒಂದು ಪುಟ, ನಮ್ಮ ಹುಡುಗನದಾಗಿರಲಿ. ನಾನು "ಅವ್ರೋನು" ಅಂದು ಮುಖಭಂಗವಾಗಲಿ. ಈ ಆಸೆಯನ್ನು ಅವನು ಹಾರ್ಡಿಗೂ ಹೇಳಿರಲಿಲ್ಲ.

ಹೀಗಿರುವಾಗ ನಮ್ಮೂರಿನ ಡೇವಿಯಾನ್ ರಕರ್ ಕಾಲೇಜಿನಲ್ಲಿ ಹೆಸರು ಮಾಡಿದ. ನಾಲ್ಕು ವರ್ಷದ ಮಗುವಾಗಿದ್ದಾಗ ಕುರ್ಚಿಯ ಮೇಲೆ ಹಲಗೆ ಹಾಕಿ ಕೂರಿಸಿ ಅವನ ಮೊದಲ ಕ್ಷೌರ ಮಾಡಿದ್ದು ಓಝೆಲ್. ಈಗ ಆರಡಿ ಮೂರಂಗುಲದ ಕ್ವಾರ್ಟರ್‌ಬ್ಯಾಕ್. ಚಿರತೆಯ ಹಾಗೆ ಓಡುತ್ತಿದ್ದ, ಅದೇ ಕೇಡಾಯಿತು. ಟಿವಿಯಲ್ಲಿ ಕೂತವರೆಲ್ಲ ಕಾಲು, ಕಾಲು, ಕಾಲು ಎಂದು ಜಪ ಮಾಡಿದರು. ಇವನನ್ನು ರಿಸೀವರ್ ಮಾಡಿದರೆ ಒಳ್ಳೆಯದಲ್ಲವೇ ಎಂದು ಒಬ್ಬ ಶುರುಮಾಡಿದ, ಉಳಿದವರು ತಲೆಯಾಡಿಸಿದರು. ಓಝೆಲ್ ಎದ್ದು ಟಿವಿ ಆರಿಸಿದ. ಐವತ್ತು ವರ್ಷದ ಹಿಂದಿನ ಚೀಟಿ ಹೊಸ ಶಾಯಿಯಲ್ಲಿ ಮತ್ತೆ ಬಂದ ಹಾಗಾಯಿತು ಅವನಿಗೆ.

ನವೆಂಬರಿನಲ್ಲಿ ಒಂದು ಗುರುವಾರ ಅಂಗಡಿಯ ಬಾಗಿಲಲ್ಲಿ ಐವತ್ತರ ಆಸುಪಾಸಿನ ಬಿಳಿಯನೊಬ್ಬ ನಿಂತ. ಕೈಯಲ್ಲಿ ನೋಟ್‌ಬುಕ್, ನೆತ್ತಿಯ ಮೇಲೆ ಎಣಿಸಿಡಬಹುದಾದಷ್ಟು ಕೂದಲು.

"ನಾನು ಕಿಪ್ ಲಾರ್ಸನ್. ಡ್ರಾಫ್ಟಿಗೆ ಬರೋ ಹುಡುಗರ ಬಗ್ಗೆ ಪುಸ್ತಕಕ್ಕೆ ಬರೀತೀನಿ. ಡೇವಿಯಾನ್ ರಕರ್ ಬಗ್ಗೆ ನಿಮ್ಮನ್ನ ಕೇಳ್ಬೇಕಿತ್ತು, ಮಿಸ್ಟರ್ ಟಾಲಿವರ್."

ಹಾರ್ಡಿ ಓಝೆಲ್‌ನ ಮುಖ ನೋಡಿದ. ಪುಸ್ತಕದ ಎಷ್ಟೋ ಪುಟಗಳ ಕೆಳಗೆ 'ಕೆ.ಎಲ್.' ಎಂದು ಇರುತ್ತಿದ್ದುದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಕೆ.ಎಲ್. ತಾನಾಗಿಯೇ ಮನೆಬಾಗಿಲಿಗೆ ಬಂದಿದ್ದ.

"ಕುರ್ಚೀಲಿ ಕೂತೋರ ಹತ್ರ ಮಾತ್ರ ಮಾತಾಡೋದು ಇಲ್ಲಿ ಪದ್ಧತಿ," ಎಂದ ಓಝೆಲ್. "ಕೂತ್ಕೊಳಿ. ಹೆಚ್ಚು ಹೊತ್ತೇನೂ ಹಿಡಿಯಲ್ಲ, ನಿಮ್ಮ ತಲೇಲಿ ಅಷ್ಟೊಂದು ಕೆಲಸ ಎಲ್ಲಿದೆ?"

ಲಾರ್ಸನ್ ನಕ್ಕು ಕೂತ. ಓಝೆಲ್ ಅವನ ಕತ್ತಿಗೆ ಪಟ್ಟಿ ಸುತ್ತಿ ಬಟ್ಟೆ ಹೊದಿಸಿದ.

"ಕಾಲು ಅದ್ಭುತ ಅಂತ ಎಲ್ರೂ ಹೇಳ್ತಾರೆ," ಎಂದ ಲಾರ್ಸನ್. "ರಿಸೀವರ್ ಆಗು ಅಂದ್ರೆ ಹುಡುಗ ಒಪ್ತಾನಾ?"

ಕತ್ತರಿ ನಿಂತಿತು. ಡೀಕನ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ಕ್ಷೌರದ ಕತ್ತಿ ಓಝೆಲ್‌ನ ಕೈಗೆಟುಕುವ ಜಾಗದಲ್ಲೇ ಇತ್ತು. ಓಝೆಲ್ ಮಾತ್ರ ಬೆಣ್ಣೆಯಂಥ ದನಿಯಲ್ಲಿ, "ಅದಿರಲಿ, ಮೊದಲು ಒಂದು ಆಟ ಆಡೋಣ. ಹಾರ್ಡಿ, ಆ ಹಳೇ ಪುಸ್ತಕ ತೆಗಿ," ಎಂದ.

ಹನ್ನೆರಡು ವರ್ಷ ಹಳೆಯ ಪುಸ್ತಕದಿಂದ ಹಾರ್ಡಿ ಐದು ಪುಟ ಆರಿಸಿದ, ಹೆಸರು ಮುಚ್ಚಿದ, ಓದಿದ. ಲಾರ್ಸನ್ ಮೊದಲು ನಾಚಿಕೊಂಡ. "ಇದು... ಕಪ್ಪು ಹುಡುಗ ಇರ್ಬಹುದು." ಪಟ್ಟಿ ಕಿತ್ತರೆ ಸರಿ. ಎರಡನೆಯದಕ್ಕೆ ನಾಚಿಕೆ ಬಿಟ್ಟ. ಮೂರನೆಯದಕ್ಕೆ ಹುರುಪು ಬಂತು. ಐದನೆಯದಕ್ಕೆ ಓಝೆಲ್‌ನ ಹಾಗೆಯೇ ಓದು ಮುಗಿಯುವ ಮುಂಚೆ, "ಬಿಳಿ! ಖಂಡಿತ ಬಿಳಿ!" ಎಂದು ಕೂಗಿದ.

"ಐದಕ್ಕೆ ಐದು!" ಹಾರ್ಡಿ ಚಪ್ಪಾಳೆ ತಟ್ಟಿದ. "ಡೀಕನ್, ನೋಡಿ ಕಲೀರಿ."

"ಅದ್ಹೇಗೆ ಹೇಳಿದ್ರಿ?" ಎಂದ ಓಝೆಲ್.

"ಬಹಳ ಸುಲಭ. ಒಬ್ಬರಿಗೆ ಕಾಲು, ಇನ್ನೊಬ್ಬರಿಗೆ ತಲೆ. ಬರ್ದೋನು ಯಾರೋ..." ಲಾರ್ಸನ್ ಅಲ್ಲಿಗೇ ನಿಂತ.

ಓಝೆಲ್ ಪುಸ್ತಕವನ್ನು ಅವನ ಮಡಿಲಲ್ಲಿಟ್ಟು, ಪುಟದ ಕೆಳತುದಿಯ ಮೇಲೆ ಬೆರಳಿಟ್ಟ. ಕೆ.ಎಲ್. ಐದು ಪುಟಕ್ಕೂ ಕೆ.ಎಲ್.

ಲಾರ್ಸನ್‌ನ ಕಿವಿ ಕೆಂಪಾಗಿ, ಕೆಂಪು ನೆತ್ತಿಗೇರಿತು. ಮರೆಮಾಡಲು ಅಲ್ಲಿ ಕೂದಲೂ ಇರಲಿಲ್ಲ. ಬೈಗುಳ ಬರುತ್ತದೆ ಎಂದು ಭುಜ ಕುಗ್ಗಿಸಿದ. ಓಝೆಲ್ ಬೈಯಲಿಲ್ಲ. ಬ್ರಷ್ಷಿನಿಂದ ಅವನ ಕತ್ತು ಒರೆಸುತ್ತ ಹೇಳಿದ:

"ನೀವು ಕೆಟ್ಟೋರು ಅಂತ ನಾನು ಅನ್ನಲ್ಲ. ನೋಡಿ ನೋಡಿ ಕಣ್ಣಿಗೆ ರೂಢಿ ಆಗೋಗಿದೆ, ಅಷ್ಟೇ. ಪೆನ್ನು ತಗೊಳಿ, ಈಗ ಹೇಳ್ತೀನಿ. ಡೇವಿಯಾನ್ ಈ ಕುರ್ಚೀಲಿ ಸುಮ್ಮನೆ ಕೂತೋನೇ ಅಲ್ಲ. ಕನ್ನಡಿ ನೋಡ್ತಾ, ಎದುರಿನ ತಂಡದ ಹನ್ನೊಂದು ಜನ ಎಲ್ಲೆಲ್ಲಿ ನಿಂತಿದ್ರು ಅಂತ ಬಾಯಲ್ಲೇ ಹೇಳ್ತಿದ್ದ. ಹೈಸ್ಕೂಲಲ್ಲಿ ಒಂದು ಆಟ ಸೋತ. ಬೇರೆ ಹುಡುಗ್ರು ಅತ್ರು. ಇವನು ಶನಿವಾರ ಇಲ್ಲಿ ಕೂತು ಎಲ್ಲಿ ತಪ್ಪಿದೆ ಅಂತ ನನಗೆ ಪಾಠ ಮಾಡ್ದ. ಗೆದ್ದ ಆಟಕ್ಕಿಂತ ಸೋತ ಆಟಾನ ಹೆಚ್ಚು ಓದ್ತಾನೆ ರೀ ಅವನು. ಕಾಲಂತೆ ಕಾಲು!"

ಲಾರ್ಸನ್ ನಾಲ್ಕು ಪುಟ ಬರೆದುಕೊಂಡ. ತುಟಿ ಬಿಚ್ಚದೆ ಕೈಕುಲುಕಿ ಹೊರಟುಹೋದ.

"ಕೋಪ ಬಂದಿದೆ ಅವನಿಗೆ," ಎಂದ ಹಾರ್ಡಿ. "ಹುಡುಗನ ಪುಟ ಹಾಳಾಯ್ತು ಅಂದ್ಕೋ."

ಓಝೆಲ್‌ಗೂ ಹಾಗೇ ಅನ್ನಿಸಿತ್ತು. ಚಳಿಗಾಲವಿಡೀ ಅವನಿಗೆ ಅದೇ ಕೊರಗು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ, ನನ್ನ ಹಳೇ ಸಿಟ್ಟಿಗೆ ಆ ಮಗುವಿನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಏಪ್ರಿಲ್‌ನಲ್ಲಿ ಪುಸ್ತಕ ಬಂದಾಗ ಲಕೋಟೆ ಒಡೆಯಲೂ ಅವನಿಗೆ ಮನಸ್ಸಿರಲಿಲ್ಲ. ಹಾರ್ಡಿಯೇ ಒಡೆದ. ಶನಿವಾರ, ಅಂಗಡಿ ತುಂಬಿತ್ತು. ಡೀಕನ್ ಕೈ ಕಟ್ಟಿಕೊಂಡು ತಮ್ಮ ಜಾಗದಲ್ಲಿ ಕೂತಿದ್ದರು.

ಹಾರ್ಡಿ ಒಂದು ಪುಟಕ್ಕೆ ಪಟ್ಟಿ ಅಂಟಿಸಿ ಓದತೊಡಗಿದ: "'ಚೆಂಡು ಕೈಗೆ ಬರುವ ಮೊದಲೇ ಎದುರಾಳಿಯ ಲೆಕ್ಕಾಚಾರ ಇವನಿಗೆ ತಿಳಿದಿರುತ್ತದೆ. ಒತ್ತಡದಲ್ಲಿ ದನಿ ಏರಿಸುವುದಿಲ್ಲ. ಗೆದ್ದ ಆಟಕ್ಕಿಂತ ಸೋತ ಆಟವನ್ನು ಹೆಚ್ಚು ಓದುತ್ತಾನೆ...'"

"ಸಾಕು ಸಾಕು," ಎಂದ ಓಝೆಲ್, ಬೇಸರದಿಂದ. "ಅವ್ರೋನು. ಇವರು ಇದನ್ನೆಲ್ಲ ಇನ್ಯಾರಿಗೆ ಬರೀತಾರೆ?"

"ನಮ್ಮೋನು!" ಡೀಕನ್ ಎದ್ದು ನಿಂತರು, ಎಂದಿನಂತೆ.

"ಕೂತ್ಕೊಳಿ ಡೀಕನ್. ಪ್ರತಿ ವರ್ಷ ಇದೇ ಆಯ್ತು ನಿಮ್ಮದು."

ಹಾರ್ಡಿ ಪಟ್ಟಿ ಕಿತ್ತ. ಪುಸ್ತಕವನ್ನು ತಿರುಗಿಸಿ ಎಲ್ಲರಿಗೂ ತೋರಿಸಿದ.

ಫೋಟೋದಲ್ಲಿ ಡೇವಿಯಾನ್ ರಕರ್ ನಗುತ್ತಿದ್ದ. ಕೂದಲು ಓಝೆಲ್ಲೇ ಕತ್ತರಿಸಿದ್ದು. ಬಲಗಿವಿಯ ಮೇಲಿನ ಗೆರೆ ಅವನ ಕೈಯದೇ.

ಅಂಗಡಿ ಕಿತ್ತುಹೋಗುವಂತೆ ಗದ್ದಲ ಎದ್ದಿತು. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಗಿರಾಕಿಯೊಬ್ಬ ಹಾಗೇ ಎದ್ದು ಬೀದಿಗೆ ಓಡಿ, "ಓಝೆಲ್ ಸೋತ! ಓಝೆಲ್ ಸೋತ!" ಎಂದು ಕೂಗಿದ. ಡೀಕನ್ ಸ್ಪ್ರೂಲ್ ಮಾತ್ರ ಗಡಿಬಿಡಿ ಮಾಡಲಿಲ್ಲ. ನಿಧಾನವಾಗಿ ಬಾಗಿಲ ಹಿಂದೆ ಹೋಗಿ, ಪೊರಕೆ ತಂದು, ಎರಡೂ ಕೈಯಲ್ಲಿ ಓಝೆಲ್‌ಗೆ ಒಪ್ಪಿಸಿದರು.

"ಕೊನೆ ಸಾಲು ಓದೋಕೇ ಬಿಡ್ಲಿಲ್ಲ ನೀನು," ಎಂದ ಹಾರ್ಡಿ. "'ಬೇಕಾದಾಗ ಓಡಲೂ ಬಲ್ಲ.' ಕಾಲಿಗೆ ಒಂದೇ ಸಾಲು ಕಣೋ!"

ಎರಡು ವಾರ ಕಳೆದು ಒಂದು ದೊಡ್ಡ ತಂಡ ಮೂರನೇ ಸುತ್ತಿನಲ್ಲಿ ಡೇವಿಯಾನ್‌ನನ್ನು ಕ್ವಾರ್ಟರ್‌ಬ್ಯಾಕ್ ಎಂದೇ ಆರಿಸಿತು. ಊರಿಡೀ ಮೀನು ಕರಿದು ಹಬ್ಬ ಮಾಡಿತು. ಆದರೆ ನಮ್ಮೂರಿನವರು ಇಂದಿಗೂ ಹೇಳಿಕೊಂಡು ನಗುವುದು ಆ ಶನಿವಾರದ ಸಂಗತಿಯನ್ನೇ.

ಅಂದು ಓಝೆಲ್ ನಗುತ್ತಲೇ ಗುಡಿಸಲು ಶುರುಮಾಡಿದ. ಮೂರು ಬೀಸು ಬೀಸಿದವನು ಹಾಗೇ ನಿಂತ. ಗೆದ್ದ ಆಟಕ್ಕಿಂತ ಸೋತ ಆಟವನ್ನು ಹೆಚ್ಚು ಓದುತ್ತಾನೆ ಎಂಬ ಆ ಮಾತು ಎಲ್ಲಿಯದೆಂದು ಆಗ ನೆನಪಾಯಿತು. ಇದೇ ಕುರ್ಚಿಯ ಹಿಂದೆ ನಿಂತು, ಇದೇ ಬಾಯಲ್ಲಿ ತಾನೇ ಹೇಳಿದ ಮಾತು.

"ಹಾರ್ಡಿ," ಎಂದ, ಪೊರಕೆಯ ಮೇಲೆ ಭಾರ ಬಿಟ್ಟು. "ಅದು ನಾನೇ ಹೇಳಿದ್ದು ಕಣೋ. ನಮ್ಮ ಹುಡುಗನ ಬಗ್ಗೆ ನಾನೇ ಹೇಳಿದ್ದು. ಕಾಗದದಿಂದ ಓದಿದ್ದು ಕೇಳಿದ ತಕ್ಷಣ ನಾನೂ ಅವ್ರೋನು ಅಂದ್ಬಿಟ್ಟೆನಲ್ಲೋ!"

ಓಝೆಲ್‌ನ ಕಣ್ಣು ತುಂಬಿತ್ತು, ಬಾಯಿ ನಗುತ್ತಲೇ ಇತ್ತು. ಐವತ್ತು ವರ್ಷದಲ್ಲಿ ಅವನನ್ನು ಹಾಗೆ ಯಾರೂ ಕಂಡಿರಲಿಲ್ಲ.

ಡೀಕನ್ ಸ್ಪ್ರೂಲ್ ಗಿರಾಕಿಯ ಕುರ್ಚಿಯಲ್ಲಿ ಹೋಗಿ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡು, ಬೆರಳು ತೋರಿಸಿದರು.

"ಓಝೆಲ್, ಆ ಮೂಲೇಲಿ ಇನ್ನೂ ಕೂದಲಿದೆ ನೋಡು," ಎಂದರು.

ಓಝೆಲ್ ಮೂಗೊರೆಸಿಕೊಂಡು ಆ ಮೂಲೆಗೆ ಹೋದ.