ರಂಗೋಲಿಯಲ್ಲಿ ಎಳೆದ ದಾರಿ

ಅವಳ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ರಂಗೋಲಿ ಪುಡಿಯಿಂದ ಬೆಳ್ಳಗಿರುತ್ತಿದ್ದವು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಸರಗೂರಿನ ಹುಡುಗಿ. ಸಮಾಜಕಾರ್ಯ ಓದಿ ಮುಗಿಸಿ, ಹುಣಸೂರಿನ ಒಂದು ಸಂಸ್ಥೆ ಸೇರಿ, ರಾವಂದೂರಿನ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಊರವರು ಮೇಡಮ್ಮ ಎನ್ನುತ್ತಿದ್ದರು.

ನಾನು ಊರಿನ ಯಜಮಾನ, ಎಸ್ಸೆಸ್ಸೆಲ್ಸಿ ಪಾಸು. ಊರಿನ ಅರ್ಜಿಗಳೆಲ್ಲ ನನ್ನ ಕೈಬರಹದಲ್ಲೇ ಹೋಗುತ್ತಿದ್ದವು. "ಇಷ್ಟು ಓದಿ ಈ ಕೊಂಪೆಗೆ ಯಾಕವ್ವ ಬಂದೆ?" ಎಂದು ಮೊದಲ ದಿನವೇ ಕೇಳಿದ್ದೆ.

"ಇಲ್ಲಿ ಒಂದು ವರ್ಷ ಚೆನ್ನಾಗಿ ಮಾಡಿದ್ರೆ ಕೆಲಸ ಕಾಯಂ ಯಜಮಾನ್ರೇ. ಆಮೇಲೆ ನಮ್ಮ ಕೋಟೆ ತಾಲ್ಲೂಕಿನ ಕಡೆ ಆದಿವಾಸಿ ಹಾಡಿಗಳಿಗೆ ಹಾಕಿ ಅಂತ ಕೇಳ್ತೀನಿ. ಓದಿದ್ದೇ ಅದಕ್ಕೆ."

ಸಭೆಯಲ್ಲಿ ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. "ಹಿಂದೆ ನಿಂತಿರೋರು ಮುಂದೆ ಬನ್ನಿ" ಎಂದೇ ಶುರು ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಮಾರಮ್ಮನ ಗುಡಿಯ ಮುಂದೆ ಜನರ ಕೈಯಲ್ಲೇ ಊರಿನ ನಕ್ಷೆ ಬರೆಸಿದಳು. ಬೀದಿಗಳಿಗೆ ರಂಗೋಲಿ ಗೆರೆ, ಮನೆಗೊಂದು ಹುಣಸೆಬೀಜ. ಕೆಳಗಿನ ಬೀದಿಯ ಅಜ್ಜಿಯೊಬ್ಬರ ಕೈಗೂ ಪುಡಿ ಕೊಟ್ಟಳು. ಅಜ್ಜಿ ತಮ್ಮ ಬೀದಿಯಿಂದ ಸ್ಮಶಾನದವರೆಗೆ ನೇರ ಗೆರೆ ಎಳೆದರು.

"ಇದು ನಮ್ಮ ಎಣ ಓಗ್ತಿದ್ದ ದಾರಿ ಕಣವ್ವ. ಈಗಿಲ್ಲ. ಕಾಲುವೆ ಏರಿ ಮ್ಯಾಲೆ ಸುತ್ಕೊಂಡು ಓಗ್ಬೇಕು."

ಆ ದಾರಿಯನ್ನು ಉತ್ತು ಹೊಗೆಸೊಪ್ಪು ಹಾಕಿದವನು ನಾನೇ. ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. "ಅಜ್ಜಿಗೆ ಅರಳುಮರಳು, ಬುಡವ್ವ" ಎಂದು ಗೆರೆಯನ್ನು ಕಾಲಿನಿಂದ ಒರೆಸಿದೆ.

ಅವಳು ಕುಕ್ಕರಗಾಲಲ್ಲಿ ಕೂತು ಮತ್ತೆ ಎಳೆದಳು. "ಬರೆದೋರು ಅವರು ಯಜಮಾನ್ರೇ. ಬೇಡ ಅಂದ್ರೆ ಅವರೇ ಅಳಿಸ್ಲಿ."

ಹಿಂದಿನಿಂದ ಯಾರೋ, "ಯಜಮಾನ್ರ ಕಾಲಿಗೆ ರಂಗೋಲಿ ಅಂಟ್ಕತು ಕಣ್ಲಾ!" ಎಂದರು. ಜನ ನಕ್ಕರು. ಆ ನಗು ನನ್ನ ಹೊಟ್ಟೆಯೊಳಗೇ ಉಳಿಯಿತು.

ವರ್ಷ ತುಂಬುತ್ತಾ ಬಂದಾಗ ಸಂಸ್ಥೆಗೆ ಊರಿನ ಅಭಿಪ್ರಾಯದ ಕಾಗದ ಬೇಕಾಯಿತು. ನನ್ನ ಬಳಿಯೇ ಬಂದಳು. "ನಿಮ್ಮ ಅಕ್ಷರ ಮುತ್ತಿನಂಗಿದೆ, ನೀವೇ ಬರೀರಿ." ಬರೆದೆ. ಈಕೆ ಬೀದಿಬೀದಿಗೆ ಜಗಳ ಹಚ್ಚುತ್ತಾಳೆ, ನಮ್ಮೂರಿಗೆ ಬೇಡ ಎಂದು. ಕವರು ಅಂಟಿಸಿ ಅವಳ ಕೈಗೇ ಕೊಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಹುಣಸೂರಿನ ಬಸ್ಸು ಹತ್ತಿದಳು.

ವಾರದ ಮೇಲೆ, ಕೆಲಸ ಹೋಗಿ ಬಟ್ಟೆಬರೆ ಒಯ್ಯಲು ಬಂದವಳು, ಹಾಳೆಗೆ ಇಳಿಸಿದ್ದ ನಕ್ಷೆಯನ್ನು ನನ್ನ ಜಗಲಿಯ ಮೇಲಿಟ್ಟಳು. "ಊರಿನ ಕಾಗದ, ಊರಲ್ಲೇ ಇರ್ಲಿ." ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಹಾಳೆ ಎರಡು ವರ್ಷ ನನ್ನ ಪೆಟ್ಟಿಗೆಯಲ್ಲಿತ್ತು. ಕಳೆದ ಮಳೆಗಾಲದಲ್ಲಿ ಆ ಅಜ್ಜಿ ತೀರಿಕೊಂಡರು. ಏರಿಯ ಕೆಸರಿನಲ್ಲಿ ಹೊತ್ತವರು ಜಾರಿ ಚಟ್ಟ ವಾಲಿದ್ದನ್ನು ಹೊಲದಿಂದ ಕಂಡೆ. "ಈ ಕಡೆಯಿಂದ ಬನ್ರಪ್ಪಾ!" ಎಂದು ಕೂಗಿದೆ. ನಿಂತರು, ನಂಬಲಿಲ್ಲ. ನಾನೇ ಸೊಪ್ಪಿನ ಗಿಡಗಳನ್ನು ಕಿತ್ತು ಎಸೆಯುತ್ತ ಅವರ ಮುಂದೆ ಸ್ಮಶಾನದವರೆಗೆ ನಡೆದೆ.

ಆಮೇಲೆ ಸಂಸ್ಥೆಗೆ ಬರೆದೆ, ನನ್ನ ಕಾಗದ ಸುಳ್ಳೆಂದು. ಆ ಕೆಲಸಕ್ಕೆ ಬೇರೆಯವರು ಬಂದಾಗಿದೆ ಎಂದರು. ಅವಳು ಸರಗೂರಿನ ಜೆರಾಕ್ಸ್ ಅಂಗಡಿಯಲ್ಲಿದ್ದಾಳೆಂದು ಕೇಳಿ, ಅದನ್ನೇ ಇನ್ನೊಮ್ಮೆ ಬರೆದು ರುಜು ಹಾಕಿ ತೆಗೆದುಕೊಂಡು ಹೋದೆ. ಅವಳ ಬೆರಳಿಗೆ ಈಗ ಯಂತ್ರದ ಕರಿ ಪುಡಿ ಅಂಟಿತ್ತು. ನಿಂತಲ್ಲೇ ಓದಿದಳು.

"ದಾರಿ ಬಿಟ್ರಾ?"

"ಬುಟ್ಟೆ ಕಣವ್ವ."

"ಅಗಲ ಎಷ್ಟು?"

"ನಾಕ್ ಜನ ಒತ್ಕೊಂಡು ಓಗೋವಷ್ಟು."

ತಲೆಯಾಡಿಸಿ, ಕಾಗದವನ್ನು ಯಂತ್ರಕ್ಕಿಟ್ಟು ಪ್ರತಿ ತೆಗೆದು ನನಗೆ ಕೊಟ್ಟಳು. "ರುಜು ಇರೋದು ನನಗಿರ್ಲಿ. ಕೋಟೆ ಕಡೆ ಒಂದು ಕೆಲಸಕ್ಕೆ ಅರ್ಜಿ ಹಾಕ್ತಿದ್ದೀನಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಕೆಲಸ ಸಿಕ್ಕಿತೋ ಇಲ್ಲವೋ ತಿಳಿದಿಲ್ಲ. ಸರಗೂರಿನ ಕಡೆಯವರು ಯಾರು ಸಿಕ್ಕಿದರೂ, ಆ ಅಂಗಡಿಯಲ್ಲಿ ಈಗ ಯಾರಿದ್ದಾರೆ ಎಂದು ಕೇಳುತ್ತೇನೆ. ಬೇರೆ ಯಾರೋ ಇದ್ದಾರೆ ಎನ್ನುವ ಮಾತಿಗೆ ಕಾದಿದ್ದೇನೆ.