ಎದುರುಮನೆಯ ಟವರ್, ನನ್ನ ಹಣೆ

ಗೋವಿಂದರಾಜನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಎದುರಿನ ತಾರಸಿಯ ಮೇಲೆ ಮೊಬೈಲ್ ಟವರ್ ಎದ್ದು ನಿಂತ ವರ್ಷವೇ ನನ್ನ ಹಣೆಯ ನಡುವೆ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಎಲ್ಲರ ಕೈಗೂ ಮೊಬೈಲ್ ಬಂದು, ಅದರ ಹಿಂದೆಯೇ ಅದರ ಭಯವೂ ಬಂದಿದ್ದ ಕಾಲ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಸತ್ತರೆ ಆ ಜಾಗ ಬೆಳ್ಳಗಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದವಳು. ಕೊಂದವರು ಯಾರು ಎಂಬುದಷ್ಟೇ ಪ್ರಶ್ನೆ. ಕಿಟಕಿ ತೆರೆದರೆ ಉತ್ತರ ಎದುರಿಗೇ ನಿಂತಿತ್ತು.

ಬಟ್ಟೆ ಒಣಹಾಕುವ ಹಗ್ಗವನ್ನು ದಿಂಬಿನಿಂದ ಕಿಟಕಿಯವರೆಗೆ ಎಳೆದು ಹಿಡಿದೆ. ನೇರ ಟವರಿನ ಕಡೆಗೇ ಹೋಯಿತು. ದಿಂಬು ತಿರುಗಿಸಿ ಮಲಗಿದೆ, ಮಚ್ಚೆ ಜಗ್ಗಲಿಲ್ಲ. ಶಾಲೆಯ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಹಣೆಯಿಂದ ಚೂರು ಚರ್ಮ ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಈರುಳ್ಳಿ ಸಿಪ್ಪೆಯಲ್ಲಿ ಕಾಣುವಷ್ಟೂ ಕಾಣಲಿಲ್ಲ. ಕಾಣದಿದ್ದದ್ದೇ ನನಗೆ ಸಾಕ್ಷಿಯಾಯಿತು, ಟವರಿನಿಂದ ಬರುವ ಅಲೆಯೂ ಕಾಣುವುದಿಲ್ಲವಲ್ಲ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತೊನ್ನು ಎಂಬ ಮಾತು ಸ್ಟಾಫ್‌ರೂಮಿನಲ್ಲಿ ಹುಟ್ಟುವ ಮೊದಲೇ ಮಚ್ಚೆಯನ್ನು ಮುಚ್ಚಬೇಕಿತ್ತು. ಮೊದಲು ಇಡುತ್ತಿದ್ದ ಸಣ್ಣ ಸ್ಟಿಕ್ಕರ್ ಬಿಂದಿ ಬಿಟ್ಟು ದೊಡ್ಡದು ಅಂಟಿಸಿದೆ. ಮಚ್ಚೆ ಹಿಗ್ಗಿತು, ಇನ್ನೂ ದೊಡ್ಡ ಬಿಂದಿ ತಂದೆ.

ಎದುರುಮನೆಯ ಆಂಟಿ ನನ್ನ ಬೀಗದಕೈ ಇಟ್ಟುಕೊಳ್ಳುತ್ತಿದ್ದವರು. ಅವರ ಮನೆಯಲ್ಲಿ ಬಸ್ಸಾರು ಆದರೆ ನನಗೊಂದು ಬಟ್ಟಲು ಬರುತ್ತಿತ್ತು. ಒಬ್ಬಳೇ ಮಗಳು ಏಳು ತಿಂಗಳ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಆಂಟಿ ಹಳೆಯ ಕಾಟನ್ ಸೀರೆಗಳನ್ನು ಹರಿದು, ಒಗೆದು, ಮಡಿಸಿ ಮಗುವಿಗೆಂದು ಎತ್ತಿಡುತ್ತಿದ್ದರು. ಒಂದು ಸಂಜೆ ಬಸ್ಸಾರಿನ ಬಟ್ಟಲು ಹಿಡಿದು ಬಂದಾಗ ನಾನು ಕೈ ಚಾಚಲಿಲ್ಲ. ಬಿಂದಿ ಕಿತ್ತು ಹಣೆ ತೋರಿಸಿದೆ.

“ನೋಡಿ ಆಂಟಿ, ನಿಮ್ಮ ಟವರ್ ಮಾಡಿರೋ ಕೆಲಸ. ದೊಡ್ಡೋರ ಚರ್ಮಕ್ಕೇ ಹಿಂಗಾದ್ರೆ ಹಸುಗೂಸಿನ ಗತಿ ಏನು?”

“ಅಯ್ಯೋ, ಹಂಗನ್ಬೇಡಿ ಟೀಚರ್. ಏನೂ ಆಗಲ್ಲ ಅಂದಿದ್ರು ಟವರ್‌ನೋರು.”

“ಅವರು ಇನ್ನೇನಂತಾರೆ? ನಾನು ಓದಿರೋದೇ ಇದು.”

ಸುಳ್ಳು. ನಾನು ಓದಿದ ಯಾವ ಪುಸ್ತಕದಲ್ಲೂ ಮೊಬೈಲ್ ಟವರ್ ಇರಲಿಲ್ಲ. ಆಂಟಿ ಬಟ್ಟಲು ಹಿಡಿದೇ ವಾಪಸ್ ಹೋದರು. ಮರುದಿನ ನಾನೇ ಹೋಗಿ ಬೀಗದಕೈ ಇಸಕೊಂಡು ಬಂದೆ.

ಮೂರು ತಿಂಗಳು ಕಳೆದ ಮೇಲೆ ವಿಜಯನಗರದ ಒಬ್ಬ ಚರ್ಮದ ಡಾಕ್ಟರ ಬಳಿ ಹೋದೆ. ಟವರಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡ ಅವರು ಬಿಂದಿ ತೆಗೆಯಲು ಹೇಳಿ, ಅದನ್ನು ಮಚ್ಚೆಯ ಪಕ್ಕ ಹಿಡಿದು ಕನ್ನಡಿ ತೋರಿಸಿದರು. ಎರಡೂ ಒಂದೇ ಅಳತೆ, ಒಂದೇ ದುಂಡು.

“ಇದು ಅಂಟಿನ ಕೆಲಸ ಮೇಡಂ. ಕೆಲವರ ಚರ್ಮಕ್ಕೆ ಈ ಗಮ್ ಆಗಿಬರಲ್ಲ. ನೀವು ಮುಚ್ಚಿದಷ್ಟೂ ಬೆಳೆದಿದೆ,” ಎಂದರು.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನಗೆ ಆ ಮುಕ್ಕಾಲೇ ಕೈಕೊಟ್ಟಿತ್ತು. ನಾಚಿಕೆಯಿಂದ ಮೈ ಹಿಡಿಯಾಯಿತು.

ನೇರ ಆಂಟಿಯ ಮನೆಗೆ ಹೋದೆ. ಅವರು ಆಗಷ್ಟೇ ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಸೀರೆಯಿಂದ ಹರಳೆಣ್ಣೆಯ, ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ನನ್ನ ಮಾತಿಗೆ ಹೆದರಿ ಅವರು ಮಗಳನ್ನು ಕರೆಸಿಕೊಂಡಿರಲಿಲ್ಲ. ಹೆರಿಗೆ, ಬಾಣಂತನ ಎಲ್ಲ ಹೆಗ್ಗನಹಳ್ಳಿಯ ಅತ್ತೆಮನೆಯಲ್ಲೇ. ಮಗುವಿಗೆ ಎರೆಯಲು ಆಂಟಿ ದಿನಾ ಬಸ್ಸಿನಲ್ಲಿ ಹೋಗಿ, ಬೀಗರ ಬಚ್ಚಲಲ್ಲಿ ಸಂಕೋಚದಿಂದ ಬಿಸಿನೀರು ಕೇಳಿ, ಮತ್ತೆ ಬಸ್ಸು ಹಿಡಿದು ಬರುತ್ತಿದ್ದರು.

“ತಪ್ಪಾಯ್ತು ಆಂಟಿ. ಇದು ಬಿಂದಿ ಗಮ್‌ನಿಂದ ಆಗಿದ್ದಂತೆ,” ಎಂದೆ.

ಅವರು ಹತ್ತಿರ ಬಂದು ಹೆಬ್ಬೆರಳಿನಿಂದ ನನ್ನ ಹಣೆ ಮುಟ್ಟಿ ನೋಡಿದರು. ಮುಖ ಅರಳಿತು.

“ಹಂಗಾದ್ರೆ ಟವರ್‌ನಿಂದ ಮಗೂಗೆ ಏನೂ ಆಗಲ್ಲ ಅಲ್ವಾ? ನಾಳೆನೇ ಕರ್ಕೊಂಡು ಬರ್ಲಾ?”

ಹೂಂ ಅನ್ನಲು ಬಾಯಿ ತೆರೆದೆ. ಟವರ್ ನಮ್ಮ ತಲೆಯ ಮೇಲೇ ಇತ್ತು. ಅದು ನನ್ನ ಹಣೆಯನ್ನು ಸುಟ್ಟಿರಲಿಲ್ಲ, ನನಗೆ ಗೊತ್ತಿದ್ದದ್ದು ಅಷ್ಟೇ. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

“ಗೊತ್ತಿಲ್ಲ ಆಂಟಿ.”

ಅವರ ಕೈ ಹಣೆಯಿಂದ ಕೆಳಗಿಳಿಯಿತು.

“ಅವತ್ತೂ ಹಿಂಗೇ ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲಾ ಟೀಚರ್,” ಎಂದವರೇ, ಮಡಿಸಿಟ್ಟ ಸೀರೆ ತುಂಡುಗಳನ್ನು ಮರುದಿನದ ಬಸ್ಸಿಗೆಂದು ಚೀಲಕ್ಕೆ ತುಂಬತೊಡಗಿದರು.