ಚಾಟಿ ಕಚ್ಚಿ ನೋಡುವ ಸಾಗಿನ್

ನಮ್ಮ ಕೋಚ್ಕೋರಿನಲ್ಲಿ ಸಾಗಿನಣ್ಣನಿಗೆ ಚಾಟಿ ಕಚ್ಚುವವನು ಎಂದೇ ಹೆಸರು. ಉಲಾಕ್ ಎಂಬ ಮೇಕೆ ಎತ್ತುವ ಕುದುರೆಯಾಟದ ಹಳೆಯ ಸವಾರರ ಚಾಟಿಗಳಿಗೆ ಈಚೆಗೆ ಪೇಟೆಯಲ್ಲಿ ಎಲ್ಲಿಲ್ಲದ ಬೆಲೆ ಬಂದಿದೆ. ಬೆಲೆ ಬಂದ ಕಡೆಗೆ ಕಳ್ಳರು ಬರುವುದು ತಡವೇ? ಹೊಸ ಚಾಟಿಯನ್ನು ಚಹಾದಲ್ಲಿ ಕುದಿಸುತ್ತಾರೆ, ಲದ್ದಿಯ ಹೊಗೆಗೆ ಕಟ್ಟುತ್ತಾರೆ, ಕುರಿಕೊಬ್ಬು ಸವರಿ ಹಿಡಿಯನ್ನು ಉಜ್ಜುತ್ತಾರೆ. ಆಮೇಲೆ ಸತ್ತುಹೋದ ಯಾವನಾದರೂ ಗಟ್ಟಿ ಸವಾರನ ಹೆಸರು ಅಂಟಿಸಿಬಿಡುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಸಾಗಿನಣ್ಣ ಯಾರನ್ನೂ ಬೈಯುವುದಿಲ್ಲ. ಹಿಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಹಲ್ಲಿನ ಗುರುತು ಹುಡುಕುತ್ತಾನೆ. ಓಡುವ ಕುದುರೆಯ ಮೇಲಿಂದ ಬಾಗಿ ನೆಲದಲ್ಲಿ ಬಿದ್ದ ಮೇಕೆಯನ್ನು ಎತ್ತಬೇಕಾದರೆ ಕೈ ಖಾಲಿ ಇರಬೇಕು. ಆಗ ಚಾಟಿ ಇರುವುದು ಹಲ್ಲುಗಳ ನಡುವೆ. ಹಿಡಿ ಕೈಯಿಂದ ಸವೆದಂತೆ ಕಾಣುವ ಹಾಗೆ ಮಾಡುವುದು ಎಲ್ಲ ಕಳ್ಳರಿಗೂ ಗೊತ್ತು. ಹಲ್ಲಿನ ವಿಷಯ ನೆನಪಾಗುವುದು ಕಡಿಮೆ. ನೆನಪು ಬಂದವನು ಇಕ್ಕಳದಲ್ಲಿ ಒತ್ತಿ ಗುರುತು ಮಾಡಿರುತ್ತಾನೆ. ಅನುಮಾನ ಬಂದರೆ ಸಾಗಿನಣ್ಣ ತಾನೇ ಬಾಯಿಗಿಟ್ಟು ನೋಡುತ್ತಾನೆ.

"ಯಾರ ಎಂಜಲೋ ಏನೋ, ಥೂ" ಎಂದು ನಾನು ಛೇಡಿಸಿದರೆ, "ಸತ್ತೋರ ಎಂಜಲು ಬದುಕಿರೋರ ಮಾತಿಗಿಂತ ಚೊಕ್ಕ ಕಣೋ" ಅನ್ನುತ್ತಾನೆ.

ಅವನೂ ಒಂದು ಕಾಲದಲ್ಲಿ ಆಡುತ್ತಿದ್ದವನೇ. ಅವನ ಅಣ್ಣ ಮೂರ್ಜಕುಲ್ ಕಣಿವೆಗೆಲ್ಲ ಹೆಸರಾದ ಆಟಗಾರ. ಸಾಗಿನ್ ಪಕ್ಕದಲ್ಲಿ ಕುದುರೆ ಓಡಿಸಿ ಅಣ್ಣನಿಗೆ ದಾರಿ ಬಿಡಿಸುವವನು, ಗೆದ್ದ ಮೇಲೆ ಯಾರಿಗೂ ನೆನಪಿರದವನು. ಇಬ್ಬರಿಗೂ ಅಪ್ಪನೇ ಒಂದೇ ಪೊದೆಯ ಕೆಂಪು ಮರ ಕಡಿದು, ಒಂದೇ ತೊಗಲು ಸೀಳಿ ಜೋಡಿ ಚಾಟಿ ಹೆಣೆದುಕೊಟ್ಟಿದ್ದ. ಒಂದು ಆಟದಲ್ಲಿ ಮೂರ್ಜಕುಲ್ ಬಿದ್ದ. ಕುದುರೆಗಳು ಅವನ ಮೇಲೆ ಹಾದುಹೋದವು. ಸಾಗಿನ್ ಎಲ್ಲ ಬಿಸುಟು ಜಿಗಿದು ಅಣ್ಣನನ್ನು ಎತ್ತಿಕೊಂಡ. ಅಣ್ಣ ಉಳಿಯಲಿಲ್ಲ. ಧೂಳಿನಲ್ಲಿ ಸಿಕ್ಕಿದ್ದು ಒಂದೇ ಚಾಟಿ. ಅವನದೇ ಎಂದುಕೊಂಡು ಯಾರೋ ಅದನ್ನು ತಂದು ಸಾಗಿನ್ ಕೈಗೆ ತುರುಕಿದರು. ಅವನು ಅದನ್ನು ಮನೆಯ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದವನು ಮತ್ತೆ ಮುಟ್ಟಲಿಲ್ಲ, ಆಟಕ್ಕೂ ಇಳಿಯಲಿಲ್ಲ.

ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ತೈಲಾಕ್ ಎಂಬ ವ್ಯಾಪಾರಿ ಲಾರಿಯಲ್ಲಿ ಬಂದ. ಅವನ ಹತ್ತಿರ ಮೂರ್ಜಕುಲನ ಚಾಟಿ ಇದೆಯಂತೆ, ಘಾಟಿಯಾಚೆಯ ಮುದುಕನೊಬ್ಬ ಕೊಟ್ಟನಂತೆ. ತೈಲಾಕನಿಗೆ ದುಡ್ಡು ಬೇಡ, ಮೂರ್ಜಕುಲನ ಹೆಂಡತಿ ಬುರುಲ್ಚಾಳ ಗಬ್ಬದ ಕುದುರೆ ಬೇಕು. ಅವಳಿಗಿದ್ದದ್ದು ಅದೊಂದೇ. ಬೇಸಿಗೆಯಲ್ಲಿ ಅದರ ಹಾಲು ಹುಳಿಯಿಟ್ಟು ಮಾರಿದರೇ ಚಳಿಗಾಲಕ್ಕೆ ಹಿಟ್ಟು. ಸಾಗಿನಣ್ಣನ ಮನೆಗೂ ದಿನಾ ಅವಳೇ ತಂದುಕೊಡುತ್ತಿದ್ದಳು. ಬೇಡವೆಂದು ನಾವೆಲ್ಲ ಹೇಳಿದೆವು, ಕೇಳಲಿಲ್ಲ. ಕುದುರೆಯನ್ನು ಹಿಡಿದುಕೊಂಡೇ ಸಾಗಿನಣ್ಣನ ಮನೆಗೆ ಬಂದು ಗೇಟಿಗೆ ಕಟ್ಟಿದಳು.

"ನೀನು ಹೌದು ಅಂದ್ರೆ ಸಾಕಪ್ಪಾ ಸಾಗಿನ್, ಇನ್ನೇನೂ ಕೇಳಲ್ಲ."

ಅವಳ ಹಿಂದೆಯೇ ಬಂದ ತೈಲಾಕ್ ಮುಂದಿಟ್ಟ ಚಾಟಿಯನ್ನು ಸಾಗಿನಣ್ಣ ಕೈಗೆ ತೆಗೆದುಕೊಂಡ. ನಾನು ಪಕ್ಕದಲ್ಲೇ ಇದ್ದೆ. ಮಣಿಕಟ್ಟಿನ ಕುಣಿಕೆಯ ಗಂಟು ಎಡಕ್ಕೆ ತಿರುಗಿತ್ತು. ಅವನ ಅಪ್ಪ ಎಡಚ, ಅವನೊಬ್ಬನೇ ಹಾಗೆ ಕಟ್ಟುತ್ತಿದ್ದದ್ದು. ಅಂದಮೇಲೆ ಇದು ಅಪ್ಪ ಹೆಣೆದದ್ದೇ. ಜೋಡಿಯಲ್ಲಿ ಒಂದು ಬಾಗಿಲ ಮೊಳೆಯಲ್ಲಿದೆ, ಇನ್ನೊಂದು ಇದು. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಅವನು ಹೌದು ಅನ್ನಲಿಲ್ಲ. ಹಿಡಿಯನ್ನು ಬೆಳಕಿಗೆ ತಿರುಗಿಸುತ್ತಲೇ ಇದ್ದ.

"ಬಾಯಿಗೆ ಬೀಗ ಬಿತ್ತಾ? ಏನಾದ್ರೂ ಹೇಳೋ" ಎಂದಳು ಬುರುಲ್ಚಾ.

"ಬೇಗ ಆಗ್ಲಿ ಅಣ್ಣ" ಎಂದ ತೈಲಾಕ್. "ಕತ್ತಲಾಗೋದ್ರೊಳಗೆ ಘಾಟಿ ದಾಟ್ಬೇಕು. ಕುದುರೆ ಲಾರಿ ಹತ್ತಿಸೋದೇ ಒಂದು ರಾಮಾಯಣ."

"ಹಲ್ಲು ಪೂರ್ತಿ ಇದೆ ಅತ್ತಿಗೆ" ಎಂದ ಸಾಗಿನಣ್ಣ ಮೆಲ್ಲಗೆ. "ಮುಂದಿನ ಸಾಲಿನ ಗುರುತು ಒಂದೂ ಬಿಡದೆ ಮೂಡಿದೆ."

ಮೂರ್ಜಕುಲನ ಮೇಲಿನ ಎರಡು ಹಲ್ಲುಗಳನ್ನು ಮೀಸೆ ಬರುವ ಮೊದಲೇ ಕುದುರೆಯೊಂದು ಒದ್ದು ಉದುರಿಸಿದ್ದು ಊರಿಗೇ ಗೊತ್ತು. ಗಂಟು ಅಪ್ಪನದು, ಹಲ್ಲು ಅಣ್ಣನದಲ್ಲ. ಹಾಗಾದರೆ ಇದು ಯಾರದು? ಬುರುಲ್ಚಾ ಕಣ್ಣು ಮಿಟುಕಿಸದೆ ಮೈದುನನನ್ನೇ ನೋಡುತ್ತಿದ್ದಳು. ಸಾಗಿನಣ್ಣ ಕಣ್ಣು ಮುಚ್ಚಿ ಹಿಡಿಯನ್ನು ಬಾಯಿಗಿಟ್ಟ.

ಹಳೆಯ ಬೂಟಿನೊಳಗೆ ಕಾಲು ಕೂತಂತೆ ಒಂದೊಂದು ಹಲ್ಲೂ ತನ್ನ ತನ್ನ ಗುಳಿಯಲ್ಲಿ ಹೋಗಿ ಕೂತಿತಂತೆ. ಆಮೇಲೆ ಅವನೇ ಹೇಳಿದ್ದು. ಆಗ ಚಾಟಿಯನ್ನು ಕೆಳಗಿಟ್ಟು ಎದ್ದ, ಬಾಗಿಲವರೆಗೆ ಹೋದ, ಮೊಳೆಯಿಂದ ಇನ್ನೊಂದನ್ನು ತೆಗೆದು ತೋಳಿನಿಂದ ಧೂಳೊರೆಸಿದ. ಕಿಟಕಿಯ ಹತ್ತಿರ ತಂದು ನೋಡಿದ. ಬಾಯಿಗಿಡಲಿಲ್ಲ. ಅತ್ತಿಗೆಯ ಮಡಿಲಲ್ಲಿಟ್ಟ.

"ಕುದುರೆ ಬಿಚ್ಕೊಂಡು ಮನೆಗೆ ಹೋಗಿ."

ತೈಲಾಕ್ ರೇಗಿದ. "ಅಂದ್ರೆ ನಂದು ನಕಲಿ ಅಂತೀಯಾ?"

"ನಕಲಿ ಅಲ್ಲಪ್ಪ, ನಂದು. ಅವತ್ತು ಬಿಸಾಕಿದ್ದು."

"ನಿಂದಾ? ನಿನ್ನ ಚಾಟಿಗೆ ಯಾರು ಕುದುರೆ ಕೊಡ್ತಾರೆ?"

"ಯಾರೂ ಕೊಡಲ್ಲ."

ತೈಲಾಕ್ ಅದನ್ನು ಎತ್ತಿಕೊಂಡು ದಡದಡನೆ ಲಾರಿ ಹತ್ತಿದ. ಈಗ ಅದು ಪೇಟೆಯಲ್ಲಿ ಇನ್ಯಾವನೋ ವೀರನ ಹೆಸರಿನಲ್ಲಿ ತೂಗುತ್ತಿರಬೇಕು, ಹಲ್ಲಿನ ಗುರುತೂ ಅಪ್ಪಟ. ಕೊಡು ಎಂದು ಸಾಗಿನಣ್ಣ ಒಂದು ಮಾತೂ ಕೇಳಲಿಲ್ಲ, ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಬುರುಲ್ಚಾ ಏಳಲಿಲ್ಲ. ಹಿಡಿಯ ಮೇಲಿನ ಗುಳಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ಹೋಗಿ, ನಡುವೆ ನುಣ್ಣಗಿದ್ದ ಜಾಗಕ್ಕೆ ಬಂದು ನಿಲ್ಲಿಸಿದಳು.

"ನಗುವಾಗ ಇಲ್ಲಿಗೇ ಕೈ ಅಡ್ಡ ಹಿಡೀತಿದ್ದ" ಎಂದಳು. ಆಮೇಲೆ ಬಾಗಿಲ ಕಡೆ ನೋಡಿದಳು. "ದಿನಾ ಹಾಲು ತಂದು ಆ ಮೊಳೆ ಕೆಳಗೇ ನಿಂತ್ಕೋತಿದ್ದೆನಲ್ಲೋ, ಸಾಗಿನ್."